ಚಂದ್ರಿಯ 18 ಉಗುರು

ನಾನು ಕಸೂತಿ ಹಾಕುತ್ತೇನೆ. ಮನೆ ಧಾರವಾಡದ ಹೊಸಯಲ್ಲಾಪುರದಲ್ಲಿ. ನಮ್ಮ ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲ್ ಗುರುತು ಇರುವುದಿಲ್ಲ. ಎಳೆ ಎಣಿಸುತ್ತ ಸೂಜಿ ಆಡಿಸಬೇಕು. ಒಂದು ಎಳೆ ಜಗ್ಗಿದರೂ ಲೆಕ್ಕ ತಪ್ಪುತ್ತದೆ. ಮೂರು ವರ್ಷದ ಹಿಂದೆ ಒಂದು ಚಂದ್ರಕಾಳಿ (ಕಪ್ಪು) ಸೀರೆಯ ಸೆರಗಿಗೆ, ಎರಡೂ ಬದಿ ಒಂದೇ ಥರ ಕಾಣುವ ಗವಂತಿ ಹೊಲಿಗೆಯಲ್ಲಿ ಗೋಪುರದ ಚಿತ್ರ ಹಾಕುತ್ತಿದ್ದೆ. ಇನ್ನೆರಡು ದಿನದ ಕೆಲಸ ಉಳಿದಿತ್ತು. ತೊಡೆಯ ಮೇಲೆ ಮಲಗಿದ್ದ ನಮ್ಮ ಬೆಕ್ಕು ಚಂದ್ರಿ ಕೆಳಗೆ ಜಿಗಿಯಿತು. ಮುಂಗಾಲಿನ ಉಗುರು ಸೆರಗಿಗೆ ಸಿಕ್ಕಿತು. ಗಾಬರಿಯಾಗಿ ಕಾಲು ಜಗ್ಗಿತು. ಗೇಣುದ್ದ ಎಳೆ ಎದ್ದು ಬಂತು.

ಎಳೆಯನ್ನು ಸೂಜಿ ತುದಿಯಿಂದ ನಿಧಾನಕ್ಕೆ ಒಳಗೆ ಸರಿಸಿದೆ, ಅರ್ಧ ದಿನ ಹಿಡಿಯಿತು. ಆದರೆ ಚಂದ್ರಿ ಆ ಬೆರಳನ್ನು ಎರಡು ದಿನ ನೆಕ್ಕುತ್ತಲೇ ಇತ್ತು. ಅದನ್ನು ನೋಡಿ ಜಾಸ್ತಿ ಸಂಕಟವಾಯಿತು. ಉಗುರು ಕತ್ತರಿಸಬೇಕು ಅಂತ ಆವತ್ತೇ ನಿರ್ಧಾರ ಮಾಡಿದೆ.

"ಬೆಕ್ಕಿನ ಉಗರ ಯಾರರ ತಗೀತಾರೇನವಾ? ಇಲಿ ಹೆಂಗ ಹಿಡೀಬೇಕದು?" ಅಂದರು ಅವ್ವ. ಅವರ ಮಾತಿನಲ್ಲಿ ಅರ್ಥವಿದೆ. ಓಣಿ ತಿರುಗುವ ಬೆಕ್ಕಿಗೆ ಉಗುರು ಬೇಕೇ ಬೇಕು. ನಾಯಿ ಬೆನ್ನಟ್ಟಿದರೆ ಮರ ಹತ್ತುವುದು ಅದರ ಬಲದಿಂದಲೇ. ಅಂಥ ಬೆಕ್ಕಿನ ಉಗುರಿಗೆ ನಾನಂತೂ ಕೈ ಹಾಕುವುದಿಲ್ಲ. ಚಂದ್ರಿಗೆ ಆಗಲೇ ಒಂಬತ್ತು ವರ್ಷ. ಹೊರಗೆ ಹೋಗುವುದು ನಿಂತಿತ್ತು. ಪಡಸಾಲೆಯಲ್ಲೇ ಅದರ ಸಂಸಾರ.

ಮೊದಲ ಸಲ ಎಲ್ಲವೂ ತಪ್ಪಾಯಿತು. ನಾವು ಬಳಸುವ ನೇಲ್ ಕಟರ್ ತಗೊಂಡೆ. ಅವ್ವ ಕುತ್ತಿಗೆಯ ಚರ್ಮ ಹಿಡಿದರು, ನಾನು ಕಾಲು ಗಟ್ಟಿಯಾಗಿ ಹಿಡಿದೆ. ಮೊದಲ ಉಗುರು ಸೀಳಿತು. ಎರಡನೆಯದಕ್ಕೆ ರಕ್ತ ಬಂತು. ಚಂದ್ರಿ ಕೂಗಿಕೊಂಡು, ನನ್ನ ಮುಂಗೈ ಪರಚಿ, ಮಂಚದ ಕೆಳಗೆ ಓಡಿತು. ಸ್ವಲ್ಪ ಹೊತ್ತು ಬಿಟ್ಟು, ಮಂಚದ ಕೆಳಗೇ ಕೈ ಚಾಚಿ, ಉಗುರಿನ ತುದಿಗೆ ಕಾರ್ನ್‌ಫ್ಲೋರ್ ಒತ್ತಿ ಹಿಡಿದೆ. ಕೆಲವು ನಿಮಿಷದಲ್ಲಿ ರಕ್ತ ನಿಂತಿತು. ಆಮೇಲೆ ನನ್ನ ಗಾಯವನ್ನು ನಲ್ಲಿ ಕೆಳಗೆ ಹಿಡಿದು 15 ನಿಮಿಷ ಸೋಪು ಹಚ್ಚಿ ತೊಳೆದು, ಅವತ್ತೇ ಡಾಕ್ಟರಿಗೆ ತೋರಿಸಿದೆ. ಸಾಕಿದ ಬೆಕ್ಕು ಪರಚಿದರೂ ರೇಬೀಸ್ ವಿಷಯದಲ್ಲಿ ಸುಮ್ನೆ ಕೂರಬಾರದು.

ಆ ರಕ್ತ ಯಾಕೆ ಬಂತು ಅನ್ನುವುದು ನನಗೆ ಆಮೇಲೆ ತಿಳಿಯಿತು. ಬೆಕ್ಕಿನ ಉಗುರಿನೊಳಗೆ ಒಂದು ಗುಲಾಬಿ ಭಾಗ ಇದೆ. ರಕ್ತನಾಳ, ನರ ಎರಡೂ ಅಲ್ಲಿ ಇವೆ. ಅದನ್ನು ಮುಟ್ಟಿದರೆ ಜೀವ ಹೋದಷ್ಟು ನೋವು. ಚಂದ್ರಿಯ ಮೈ ಕಪ್ಪು, ಪಾದ ನಾಲ್ಕೂ ಬಿಳಿ. ಉಗುರು ಹಾಲುಗಾಜಿನ ಹಾಗೆ. ಬೆಳಕಿಗೆ ಹಿಡಿದರೆ ಗುಲಾಬಿ ಎಲ್ಲಿ ಮುಗಿಯುತ್ತದೆ ಅಂತ ಸ್ಪಷ್ಟ ಕಾಣುತ್ತದೆ. ನಾನು ಮೊದಲ ಸಲ ಟ್ಯೂಬ್‌ಲೈಟ್ ಕೆಳಗೆ ಕೂತಿದ್ದೆ! ಎಳೆ ಎಣಿಸಲು ಬಾಗಿಲ ಬೆಳಕು ಬೇಕು ಅನ್ನುವವಳು ಇದಕ್ಕೆ ಹಾಗೆ ಕೂರಬಾರದಿತ್ತು.

ಮುಂದಿನ ಎರಡು ವಾರ ಕತ್ತರಿ ಮುಟ್ಟಲೇ ಇಲ್ಲ. ದಿನಾ ಮಧ್ಯಾಹ್ನ ಚಂದ್ರಿ ಉಂಡು ತೂಕಡಿಸುವಾಗ ಪಾದ ಸವರುತ್ತಿದ್ದೆ. ಆಮೇಲೆ ಒಂದು ಬೆರಳು ಒತ್ತುವುದು, ಬಿಡುವುದು. ಬೆರಳಿನ ಮೇಲೆ ನನ್ನ ಹೆಬ್ಬೆರಳು, ಕೆಳಗಿನ ಮೆತ್ತೆಗೆ ತೋರುಬೆರಳು ಇಟ್ಟು ಮೆಲ್ಲಗೆ ಅದುಮಿದರೆ ಉಗುರು ತಾನೇ ಹೊರಗೆ ಬರುತ್ತದೆ. ಪ್ರತಿ ಸಲಕ್ಕೂ ಬೇಯಿಸಿದ ಕೋಳಿಯ ಒಂದು ಚೂರು. ಹತ್ತು ದಿನಕ್ಕೆ ಕಾಲು ಎಳೆದುಕೊಳ್ಳುವುದು ನಿಂತಿತು. ಈ ಎರಡು ವಾರವನ್ನು ಬಿಟ್ಟು ಕತ್ತರಿಗೆ ಹೋಗಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಉಳಿದ ಕೆಲಸವೆಲ್ಲ ಇದರ ಮೇಲೇ ನಿಂತಿದೆ.

ಈಗ ಹಿತ್ತಲ ಬಾಗಿಲ ಹತ್ತಿರ, ಬಿಸಿಲು ಬೀಳುವ ಕಡೆ ಕೂರುತ್ತೇನೆ. ಕಣ್ಣಿಗೆ ಕಸೂತಿಯ ಕನ್ನಡಕ. ಚಂದ್ರಿಯ ಬೆನ್ನು ನನ್ನ ಹೊಟ್ಟೆಗೆ, ಮುಖ ಆಚೆ ಕಡೆಗೆ. ಅವ್ವ ಹಿಡಿಯುವುದಿಲ್ಲ, ಗದ್ದದ ಕೆಳಗೆ ತುರಿಸುತ್ತಾರೆ ಅಷ್ಟೇ. ಬೆಕ್ಕಿನ ಉಗುರು ಕತ್ತರಿಸಲೆಂದೇ ಸಿಗುವ ಚಿಕ್ಕ ಕತ್ತರಿ ತಂದಿದ್ದೇನೆ. ಉಗುರು ಎಡಬಲಕ್ಕೆ ಚಪ್ಪಟೆ ಇರುತ್ತದೆ. ಪಕ್ಕದಿಂದ ಅದುಮಿದರೆ ಸೀಳುತ್ತದೆ, ಹಾಗಾಗಿ ಅಲಗುಗಳು ಮೇಲಿಂದ ಮತ್ತು ಕೆಳಗಿಂದ ಬರುವ ಹಾಗೆ ಹಿಡಿಯುತ್ತೇನೆ. ಗುಲಾಬಿಯಿಂದ ಎರಡು ಮಿಲಿಮೀಟರ್ ಬಿಟ್ಟು ಕೊಕ್ಕೆಯ ತುದಿ ಮಾತ್ರ ತೆಗೆಯುತ್ತೇನೆ. ಅನುಮಾನ ಬಂದರೆ ಇನ್ನೂ ಕಡಿಮೆ. ಮೂರು ವಾರಕ್ಕೊಮ್ಮೆ ಸಾಕಾಗುತ್ತದೆ.

ಹಿಂಗಾಲಿನ ಉಗುರು ದಪ್ಪ, ಮೊಂಡು. ಬಟ್ಟೆಗೆ ಸಿಗುವುದಿಲ್ಲ. ಆಗಾಗ ನೋಡಿ ಬಿಟ್ಟುಬಿಡುತ್ತೇನೆ.

ಬಾಗಿಲ ಚೌಕಟ್ಟಿಗೆ ಒಂದು ಗೋಣಿಚೀಲ ಬಿಗಿದಿದ್ದೇನೆ. ಬೆಕ್ಕು ಪರಚುವುದು ಹಟಕ್ಕಲ್ಲ. ಉಗುರಿನ ಹಳೆಯ ಪದರು ಈರುಳ್ಳಿ ಸಿಪ್ಪೆಯ ಹಾಗೆ ಕಳಚಬೇಕು, ಅದಕ್ಕೇ ಪರಚುತ್ತದೆ. ಆ ಟೊಳ್ಳು ಸಿಪ್ಪೆ ಗೋಣಿಯಲ್ಲಿ ಸಿಕ್ಕಿರುವುದನ್ನು ಮೊದಲು ಕಂಡಾಗ ಉಗುರೇ ಕಿತ್ತುಬಂತು ಅಂತ ಹೆದರಿದ್ದೆ.

ವಯಸ್ಸಾದ ಬೆಕ್ಕು ಇದನ್ನೂ ಕಡಿಮೆ ಮಾಡುತ್ತದೆ. ಆಗ ಉಗುರು ದಪ್ಪವಾಗಿ ಸುತ್ತಿಕೊಳ್ಳಲು ಶುರುವಾಗುತ್ತದೆ. ಹೋದ ವರ್ಷ ಚಂದ್ರಿ ಬಲ ಮುಂಗಾಲು ಎತ್ತೆತ್ತಿ ಇಡುತ್ತಿತ್ತು. ರೋಮ ಸರಿಸಿ ನೋಡಿದರೆ ಒಳಬದಿಗೆ ಸ್ವಲ್ಪ ಮೇಲಿರುವ ಹೆಬ್ಬೆರಳಿನ ಉಗುರು ದುಂಡಗೆ ಬಾಗಿ ಮೆತ್ತೆಯೊಳಗೆ ಚುಚ್ಚಿಕೊಂಡಿತ್ತು. ಕೀವು ಬಂದಿತ್ತು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಎಳೆ ಎಣಿಸುವ ನಾನು ಅದರ ಕಾಲಿನಲ್ಲಿ ಐದನೆಯದನ್ನು ಎಣಿಸಿರಲಿಲ್ಲ. ಆ ಉಗುರು ನೆಲಕ್ಕೆ ತಾಗುವುದಿಲ್ಲ, ಹಾಗಾಗಿ ಸವೆಯುವುದೂ ಇಲ್ಲ. ಈ ನೋವು ನನಗೆ ಇನ್ನೂ ಹೋಗಿಲ್ಲ. ಮನೆಯಲ್ಲಿ ಎಳೆಯಲು ಹೋಗದೆ ಪಶುವೈದ್ಯರ ಹತ್ತಿರ ಒಯ್ದೆ. ಅವರು ಕತ್ತರಿಸಿ, ತೊಳೆದು, ಔಷಧ ಕೊಟ್ಟರು. ವಾರದಲ್ಲಿ ಮಾಯ್ದಿತು. ಈಗ ಮೊದಲು ಕೈ ಹಾಕುವುದೇ ಹೆಬ್ಬೆರಳಿಗೆ.

ಆ ಸೀರೆ ಕೊಟ್ಟಿದ್ದ ವೈನಿ ಒಮ್ಮೆ, "ಆಪರೇಶನ್ ಮಾಡಿಸಿ ಉಗರ ಪೂರಾ ತಗಸಿಬಿಡ್ರಲ್ಲಾ, ಕಾಟ ತಪ್ಪತೈತಿ" ಅಂದರು. ನಾನು ಅವರ ಬೆರಳನ್ನೇ ಹಿಡಿದು ತುದಿಯ ಗಿಣ್ಣು ತೋರಿಸಿದೆ. ಆ ಆಪರೇಶನ್ನಿನಲ್ಲಿ ಹೋಗುವುದು ಬರೀ ಉಗುರಲ್ಲ, ಬೆರಳಿನ ಕೊನೆಯ ಮೂಳೆ. "ಅಯ್ಯ, ಹಂಗೇನ್ರಿ! ಬ್ಯಾಡ ಬ್ಯಾಡ" ಅಂದರು.

ಇವತ್ತು ಎಡಗಾಲು ಪೂರ್ತಿ ಆಯಿತು. ಬಲಗಾಲಿನಲ್ಲಿ ಹೆಬ್ಬೆರಳು ಮತ್ತು ಇನ್ನೊಂದು ಆದ ಮೇಲೆ ಚಂದ್ರಿ ಬಾಲ ಬಡಿಯಿತು. ಅಲ್ಲಿಗೇ ಬಿಟ್ಟೆ. ಉಳಿದ ಮೂರು ನಾಳೆ ಮಧ್ಯಾಹ್ನ, ಅದು ಉಂಡ ಮೇಲೆ.