ಅಡಿಕೆ ಹಾಳೆ ಸುತ್ತಿದ ಕ್ಯಾಮೆರಾದಲ್ಲಿ ಸಿಕ್ಕಿದ ಸೂಪರ್‌ನೋವಾ

ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಮನೆ. ಸುತ್ತ ಅಡಿಕೆ ತೋಟ, ಮೇಲೆ ಅಂಗಳದಷ್ಟೇ ಆಕಾಶ. 2023ರ ಮೇ 19ರಂದು ಜಪಾನಿನ ಕೊಇಚಿ ಇಟಗಾಕಿ ಎಂ 101 ಗ್ಯಾಲಕ್ಸಿಯಲ್ಲಿ ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರ, ಕಂಡುಹಿಡಿದರೆಂಬ ಸುದ್ದಿ ಓದಿದ ಕೂಡಲೇ ವಿಷುವಿನ ರಜೆಯಲ್ಲಿ ತೆಗೆದ ಪಟ ನೆನಪಾಯಿತು. ಅದೇ ಗ್ಯಾಲಕ್ಸಿ! ಹಳೆಯ ಪಟ ಕೈಯಲ್ಲಿರುವಾಗ ಹೊಸದೊಂದು ತೆಗೆಯದೆ ಇರುವುದು ಹೇಗೆ?

ಜಾಗ ಗುರುತಿಸುವುದು ಸುಲಭ. ಮದುವೆಯಲ್ಲಿ ಅರುಂಧತಿಯ ಜೊತೆ ತೋರಿಸುವ ವಸಿಷ್ಠ, ಸಪ್ತರ್ಷಿಗಳ ಬಾಲದ ತುದಿಯ ಮರೀಚಿ, ಇವೆರಡರಿಂದ ಧ್ರುವದ ಕಡೆಗೆ ಒಂದು ಸಮಬಾಹು ತ್ರಿಕೋನ ಊಹಿಸಿಕೊಂಡರೆ ಮೂರನೇ ಮೂಲೆಯಲ್ಲಿ ಎಂ 101. ಮೇ ಕೊನೆಯಲ್ಲಿ ರಾತ್ರಿ ಹತ್ತೂವರೆ ಹೊತ್ತಿಗೆ ಉತ್ತರದಲ್ಲಿ ಸುಮಾರು 48 ಡಿಗ್ರಿ ಎತ್ತರಕ್ಕೆ ಬರುತ್ತದೆ, ಸೋಗೆಗಳಿಗಿಂತ ಮೇಲೆ.

ತೊಂದರೆ ಧ್ರುವನಕ್ಷತ್ರದ್ದು. ಕಾಸರಗೋಡಿನಲ್ಲಿ ಅದು ದಿಗಂತದಿಂದ ಹನ್ನೆರಡೂವರೆ ಡಿಗ್ರಿ ಮಾತ್ರ ಮೇಲಿದೆ. ನಮ್ಮ ಅಂಗಳದಿಂದ ಕಾಣುವುದೇ ಇಲ್ಲ. ಆಕಾಶದ ಜೊತೆ ಕ್ಯಾಮೆರಾವನ್ನು ತಿರುಗಿಸುವ ಟ್ರ್ಯಾಕರ್ ಎರವಲು ತಂದಿದ್ದೆ, ಧ್ರುವ ಕಾಣದೆ ಅದನ್ನು ಯಾವುದನ್ನು ನೋಡಿ ಹೊಂದಿಸಲಿ? ಅದನ್ನು ಪೆಟ್ಟಿಗೆಯಲ್ಲೇ ಇಟ್ಟೆ. 200 ಮಿಲಿಮೀಟರ್ ಲೆನ್ಸ್, ಐಎಸ್‌ಒ 3200, ಒಂದೊಂದು ಸೆಕೆಂಡಿನ ಪಟಗಳು, ಟ್ರೈಪಾಡ್ ಮೇಲೆಯೇ. ಒಂದು ಸೆಕೆಂಡಿಗಿಂತ ಹೆಚ್ಚಾದರೆ ಭೂಮಿ ತಿರುಗುವುದರಿಂದ ನಕ್ಷತ್ರ ಗೆರೆಯಾಗುತ್ತದೆ. ಮರೀಚಿಯನ್ನು ಪರದೆಯಲ್ಲಿ ದೊಡ್ಡದು ಮಾಡಿ ಫೋಕಸ್ ಸರಿಮಾಡಿ, ರಿಂಗಿಗೆ ಟೇಪ್ ಅಂಟಿಸಿದೆ. ಐದೈದು ನಿಮಿಷಕ್ಕೊಮ್ಮೆ ಗ್ಯಾಲಕ್ಸಿಯನ್ನು ಮತ್ತೆ ನಡುವಿಗೆ ತರಬೇಕು. ಇದೊಂದು ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ಮೊದಲ ರಾತ್ರಿ ಮೋಡ. ಎರಡನೇ ರಾತ್ರಿ ಇನ್ನೂರು ಪಟ ಆಗುವಷ್ಟರಲ್ಲಿ ಲೆನ್ಸಿನ ಗಾಜಿಗೆ ತೇವ ಕಟ್ಟಿ ಎಲ್ಲ ಮಬ್ಬು. ನಮ್ಮ ಕಡೆಯ ಮೇ ತಿಂಗಳ ಗಾಳಿಯೇ ಹಾಗೆ, ಹಿಂಡಿದರೆ ನೀರು. ಮರುದಿನ ತೋಟದಲ್ಲಿ ಬಿದ್ದಿದ್ದ ಅಗಲದ ಹಾಳೆಯೊಂದನ್ನು, ಮುಟ್ಟಾಳೆ ಟೊಪ್ಪಿಗೆ ಮಾಡಲು ನೆನೆಸುವ ಹಾಗೆ ನೀರಲ್ಲಿ ನೆನೆಸಿ ಮೆತ್ತಗೆ ಮಾಡಿದೆ. ಲೆನ್ಸಿನ ಮೂತಿಗೆ ಒಂದು ಗೇಣು ಮುಂದೆ ಚಾಚುವಂತೆ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ, ಹಾಗೇ ಕಳಚಿ ಬಿಸಿಲಿಗಿಟ್ಟೆ. ಒಣಗಿದ ಮೇಲೆ ಕೊಳವೆಯಂತೆ ಗಟ್ಟಿಯಾಗಿ ನಿಂತಿತು. ಆ ರಾತ್ರಿ ಒಂಬೈನೂರು ಪಟ ಮುಗಿದರೂ ಗಾಜು ಒಣಗಿಯೇ ಇತ್ತು. ಕೊನೆಗೆ ಮುಚ್ಚಳ ಹಾಕಿ ಐವತ್ತು ಡಾರ್ಕ್ ಫ್ರೇಮ್ ತೆಗೆದೆ, ಕ್ಯಾಮೆರಾದ್ದೇ ಸುಳ್ಳು ಚುಕ್ಕಿಗಳನ್ನು ಆಮೇಲೆ ಕಳೆಯಲು.

ಡೀಪ್‌ಸ್ಕೈಸ್ಟ್ಯಾಕರ್ ಎಂಬ ತಂತ್ರಾಂಶದಲ್ಲಿ ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಲು ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ ಗ್ಯಾಲಕ್ಸಿ ಹೊಗೆಯ ಕಲೆಯಷ್ಟೇ. ಅದರ ಬೆಳಕೆಲ್ಲ ಹರಡಿಹೋಗುತ್ತದೆ. ಸೂಪರ್‌ನೋವಾ ಹಾಗಲ್ಲ, ಬೆಳಕೆಲ್ಲ ಒಂದೇ ಚುಕ್ಕಿಯಲ್ಲಿ. ಕಾಂತಿಮಾನ (ಸಂಖ್ಯೆ ಹೆಚ್ಚಾದಷ್ಟೂ ಮಂಕು) ಸುಮಾರು 11 ಆದ್ದರಿಂದ ಇಷ್ಟು ಚಿಕ್ಕ ಲೆನ್ಸಿಗೂ ಸಿಕ್ಕಿತು. ಆದರೆ ಚುಕ್ಕಿ ಕಂಡರೆ ಸಾಲದು, ನಮ್ಮದೇ ಗ್ಯಾಲಕ್ಸಿಯ ನಕ್ಷತ್ರವೂ ಇರಬಹುದು. ವಿಷುವಿನ ಪಟವನ್ನು ಕೆಳಗಿಟ್ಟು ಎರಡನ್ನೂ ಒಂದಾದ ಮೇಲೊಂದು ತೋರಿಸಿ ನೋಡಿದೆ. ಉಳಿದೆಲ್ಲ ನಕ್ಷತ್ರ ಇದ್ದಲ್ಲೇ. ಸುರುಳಿ ತೋಳಿನ ಅಂಚಿನಲ್ಲಿ ಒಂದು ಮಾತ್ರ ಇದೆ, ಇಲ್ಲ, ಇದೆ, ಇಲ್ಲ.

ಅಮ್ಮನನ್ನು ಕರೆದೆ. ಕನ್ನಡಕ ಏರಿಸಿ ಬಗ್ಗಿ ನೋಡಿದಳು.

"ಇದು ಈಗ ಹೊಟ್ಟಿದ್ದಾ?"

"ಅಲ್ಲಮ್ಮ, ಎರಡು ಕೋಟಿ ವರ್ಷ ಆಯ್ತು. ಬೆಳಕು ಇಲ್ಲಿಗೆ ಮುಟ್ಟಿದ್ದು ಈಗ."

ಅವಳು ಇನ್ನೊಮ್ಮೆ ತೋರಿಸಲು ಹೇಳಿದಳು. ಜೂನ್ 8ಕ್ಕೆ ಕೇರಳಕ್ಕೆ ಮುಂಗಾರು ಕಾಲಿಟ್ಟಿತು. ಅಷ್ಟರಲ್ಲಿ ಇನ್ನೆರಡು ರಾತ್ರಿ ಸಿಕ್ಕಿತ್ತು, ಎರಡರಲ್ಲೂ ಚುಕ್ಕಿ ಇದೆ.