ತೋಟದ ಪಿಕಪ್‌ಗೆ ಆಫ್‌ರೋಡ್ ಅಪ್‌ಗ್ರೇಡ್: ದುಡ್ಡು ಮೊದಲು ಎಲ್ಲಿಗೆ ಹೋಗಬೇಕು

ಮಳೆಗಾಲದಲ್ಲಿ ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಪಿಕಪ್ ಸಿಕ್ಕಿಕೊಳ್ಳುವುದು ಎತ್ತರ ಸಾಲದೆ ಅಲ್ಲ. ಟೈರಿನ ಗೆರೆಗಳಲ್ಲಿ ಕೆಂಪು ಜೇಡಿ ತುಂಬಿ ನುಣ್ಣಗಾಗುತ್ತದೆ, ಖಾಲಿ ಹಿಂಭಾಗ ಹಗುರವಾಗಿ ಚಕ್ರ ಸುಮ್ಮನೆ ಸುತ್ತುತ್ತದೆ, ಗಾಡಿ ಅಡ್ಡಡ್ಡ ಜಾರಿ ಚರಂಡಿಗೆ ಇಳಿಯುತ್ತದೆ. ಆದರೂ ಅಂಗಡಿಗೆ ಹೋದವರು ಮೊದಲು ವಿಚಾರಿಸುವುದು ಗಾಡಿ ಎತ್ತರಿಸುವ ಲಿಫ್ಟ್ ಕಿಟ್, ಕಬ್ಬಿಣದ ಬಂಪರ್ ಮತ್ತು ಟಾಪಿನ ಮೇಲಿನ ಲೈಟ್ ಬಾರ್. ಚರಂಡಿಗೆ ಇಳಿದ ಗಾಡಿಯನ್ನು ಈ ಮೂರರಲ್ಲಿ ಒಂದೂ ಮೇಲೆ ತರುವುದಿಲ್ಲ.

ಲೆಕ್ಕ ಹಾಕಲು ಸುಲಭವಾಗಲಿ ಎಂದು ಇಲ್ಲಿ 255/60 ಆರ್18 ಟೈರಿನ ಇಸುಜು ವಿ-ಕ್ರಾಸ್ ಇಟ್ಟುಕೊಂಡಿದೆ. (255 ಎಂದರೆ ಟೈರಿನ ಅಗಲ ಮಿ.ಮೀ.ನಲ್ಲಿ, 60 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು, 18 ಎಂದರೆ ರಿಮ್‌ನ ಇಂಚು.) ಹೈಲಕ್ಸ್, ಬೊಲೆರೊ ಕ್ಯಾಂಪರ್ 4ಡಬ್ಲ್ಯುಡಿ ಇರುವವರು ಅಳತೆ ಬದಲಿಸಿಕೊಂಡರೆ ಸಾಕು, ಕ್ರಮ ಅದೇ.

ಖರ್ಚಿಲ್ಲದ ಕೆಲಸ ಮೊದಲು

ಇರುವ ಫೋರ್ ವೀಲ್ ಡ್ರೈವ್ ಕೆಲಸ ಮಾಡುತ್ತಿದೆಯೇ ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ವರ್ಷಗಟ್ಟಲೆ 4ಎಚ್ (ನಾಲ್ಕೂ ಚಕ್ರ ಎಳೆಯುವ ಸಾಮಾನ್ಯ ವೇಗದ ಗೇರ್) ಹಾಕದೆ, ಮುಂದಿನ ಚಕ್ರಗಳನ್ನು ಜೋಡಿಸುವ ಆಕ್ಚುಯೇಟರ್ ಹಿಡಿದುಕೊಂಡಿರುತ್ತದೆ. ಡ್ಯಾಶ್‌ಬೋರ್ಡ್‌ನ ದೀಪ ನಂಬಬೇಡಿ. ಸಡಿಲ ಮಣ್ಣಿನ ಏರಿನಲ್ಲಿ ನಿಲ್ಲಿಸಿ, 4ಎಲ್ (ನಾಲ್ಕೂ ಚಕ್ರದ ನಿಧಾನ, ಬಲದ ಗೇರ್) ಹಾಕಿ, ಹೊರಗೆ ಒಬ್ಬರನ್ನು ನಿಲ್ಲಿಸಿಕೊಂಡು ಮೆಲ್ಲಗೆ ಎತ್ತಿ: ಮುಂದಿನ ಚಕ್ರವೂ ಮಣ್ಣು ಕೆದರಬೇಕು. ತಿಂಗಳಿಗೊಮ್ಮೆ ಮಣ್ಣುದಾರಿಯಲ್ಲಿ ಒಂದೆರಡು ಕಿಲೋಮೀಟರ್ 4ಎಚ್‌ನಲ್ಲಿ ಓಡಿಸಿದರೆ ಒಳಗಿನ ಎಣ್ಣೆ ಎಲ್ಲಾ ಕಡೆ ಹರಡಿ ಭಾಗಗಳು ಸಡಿಲವಾಗಿರುತ್ತವೆ. ಡಾಂಬರಿನ ಮೇಲೆ ಮಾತ್ರ ಬೇಡ. ಪಾರ್ಟ್ ಟೈಮ್ ವ್ಯವಸ್ಥೆಯಲ್ಲಿ ನಡುವೆ ಮುಂದಿನ-ಹಿಂದಿನ ಚಕ್ರಗಳ ವೇಗದ ವ್ಯತ್ಯಾಸ ಹೊಂದಿಸುವ ಡಿಫರೆನ್ಷಿಯಲ್ ಇರುವುದಿಲ್ಲ, ತಿರುವಿನಲ್ಲಿ ಪ್ರೊಪೆಲ್ಲರ್ ಶಾಫ್ಟ್ ಬಿಗಿದುಕೊಳ್ಳುತ್ತದೆ.

ಆಮೇಲೆ ಪಕ್ಕದ ಫುಟ್‌ಬೋರ್ಡ್ ಬಿಚ್ಚಿ. ದಿಬ್ಬದ ನೆತ್ತಿಯಲ್ಲಿ ಮೊದಲು ತಾಗುವುದು ಅದೇ, ಬಗ್ಗಿದರೆ ಬಾಗಿಲಿಗೂ ತಗಲುತ್ತದೆ. ಮನೆಯ ಹಿರಿಯರಿಗೆ ಹತ್ತಲು ಬೇಕೆಂದರೆ ಬಿಡಿ, ಅದೂ ಒಂದು ನ್ಯಾಯವೇ.

ಟೈರು: ಬಜೆಟ್‌ನ ಅರ್ಧಕ್ಕಿಂತ ಹೆಚ್ಚು ಇಲ್ಲಿಗೇ

ವಾರದಲ್ಲಿ ನಾಲ್ಕು ದಿನ ಡಾಂಬರು, ಎರಡು ದಿನ ತೋಟ ಎನ್ನುವವರಿಗೆ ಎ/ಟಿ, ಅಂದರೆ ಆಲ್ ಟೆರೇನ್ ಟೈರ್ ಸರಿ. ಎಂ/ಟಿ, ಅಂದರೆ ಮಡ್ ಟೆರೇನ್ ಟೈರಿನ ಅಗಲ ಗೆರೆಗಳು ವೇಗದಲ್ಲಿ ಸುತ್ತಿದಾಗ ಕೆಸರನ್ನು ಎಸೆದು ತಾವೇ ತೊಳೆದುಕೊಳ್ಳುತ್ತವೆ ನಿಜ. ಆದರೆ ಘಾಟಿಯ ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿತ ಕಡಿಮೆ, ಸದ್ದು ಜಾಸ್ತಿ, ಸವೆತವೂ ಬೇಗ. ಚಾರ್ಮಾಡಿ ಅಥವಾ ಶಿರಾಡಿ ಇಳಿಯಲೇಬೇಕಾದ ಗಾಡಿಗೆ ಎಂ/ಟಿ ಹಾಕುವುದು ತಪ್ಪು ಆಯ್ಕೆ. ಈ ಅಳತೆಯ ಎ/ಟಿ ಟೈರ್ ಒಂದಕ್ಕೆ ಬ್ರ್ಯಾಂಡ್ ನೋಡಿ ಸುಮಾರು 12ರಿಂದ 18 ಸಾವಿರ ಇಟ್ಟುಕೊಳ್ಳಿ.

ಅಳತೆಯ ಲೆಕ್ಕ ಗೊತ್ತಿದ್ದರೆ ಅಂಗಡಿಯವನ ಮಾತಿಗೆ ಬೀಳುವುದಿಲ್ಲ. 255/60 ಆರ್18ರ ಒಟ್ಟು ಎತ್ತರ ಸುಮಾರು 763 ಮಿ.ಮೀ. 255/65 ಆರ್18ಕ್ಕೆ ಹೋದರೆ 789. ಹೆಚ್ಚಿದ್ದು 26, ಅದರಲ್ಲಿ ನೆಲದಿಂದ ಗಾಡಿ ಏಳುವುದು ಅರ್ಧ, 13 ಮಿ.ಮೀ. ಮಾತ್ರ. ಸ್ಪೀಡೋಮೀಟರ್ ಸುಮಾರು ಶೇ. 3ರಷ್ಟು ಕಡಿಮೆ ತೋರಿಸತೊಡಗುತ್ತದೆ, ಗೇರ್ ಅಷ್ಟೇ ಭಾರವಾಗುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ, ಒಂದು ಮುಂಚಕ್ರವನ್ನು ದಿಮ್ಮಿ ಹತ್ತಿಸಿ, ಲೈನರ್‌ಗೆ ಉಜ್ಜುತ್ತದೆಯೇ ನೋಡಿದ ಮೇಲೆಯೇ ಉಳಿದ ಟೈರ್ ಕೊಳ್ಳಿ.

ಇನ್ನೊಂದು ದಾರಿ ಇದೆ, ಹೆಚ್ಚಿನವರು ಯೋಚಿಸುವುದಿಲ್ಲ. 16 ಇಂಚಿನ ರಿಮ್‌ಗೆ 255/70 ಆರ್16 ಹಾಕಿದರೂ ಎತ್ತರ ಅದೇ 763 ಮಿ.ಮೀ. ಸ್ಪೀಡೋಮೀಟರ್, ಗೇರ್ ಎಲ್ಲಾ ಇದ್ದ ಹಾಗೇ. ಆದರೆ ಟೈರಿನ ಪಕ್ಕದ ಗೋಡೆ 153ರಿಂದ 178 ಮಿ.ಮೀ.ಗೆ ಏರುತ್ತದೆ. ಗಾಳಿ ಇಳಿಸಿದಾಗ ಹರಡಿಕೊಳ್ಳಲು ರಬ್ಬರ್ ಹೆಚ್ಚು, ಕಲ್ಲಿಗೆ ಹೊಡೆದರೆ ರಿಮ್ ಉಳಿಯುತ್ತದೆ, ಟೈರ್ ಬೆಲೆಯೂ ಸಾಮಾನ್ಯವಾಗಿ ಇಳಿಯುತ್ತದೆ. ರಿಮ್ ಆರು ಬೋಲ್ಟಿನದು, ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ) 139.7 ಮಿ.ಮೀ. ಆಗಿರಬೇಕು, ಆಫ್‌ಸೆಟ್ (ರಿಮ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ) ಮತ್ತು ನಡುವಿನ ತೂತಿನ ಅಳತೆ ಮೂಲಕ್ಕೆ ಹೊಂದಬೇಕು. ಕೊಳ್ಳುವ ಮುಂಚೆ ಖಾಲಿ ರಿಮ್ ಒಂದನ್ನು ಮುಂದೆ ಹಾಕಿ ಕೈಯಲ್ಲಿ ತಿರುಗಿಸಿ. ಬ್ರೇಕ್ ಕ್ಯಾಲಿಪರ್‌ಗೂ ರಿಮ್‌ಗೂ ನಡುವೆ 4 ಮಿ.ಮೀ. ಸಂದಿಯಾದರೂ ಸಿಗದಿದ್ದರೆ ಅದನ್ನು ಮರೆತುಬಿಡಿ.

ಟೈರಿನ ಪಕ್ಕದಲ್ಲಿ ಓದಬೇಕಾದದ್ದು ಎರಡು. ಲೋಡ್ ಇಂಡೆಕ್ಸ್ ಮೂಲ ಟೈರಿಗಿಂತ ಕಡಿಮೆ ಇರಬಾರದು: 112 ಎಂದರೆ ಒಂದು ಟೈರಿಗೆ 1120 ಕೆಜಿ, 109 ಎಂದರೆ 1030. ಇನ್ನೊಂದು ತಯಾರಿಕೆಯ ನಾಲ್ಕು ಅಂಕೆ. 2324 ಎಂದಿದ್ದರೆ 2024ರ 23ನೇ ವಾರದ ಸರಕು. ಗೋದಾಮಿನಲ್ಲಿ ಎರಡು ವರ್ಷ ಕೂತಿದ್ದರೆ ಬೆಲೆ ಇಳಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಅಳತೆ ಬದಲಿಸಿದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಸ್ಟೆಪ್ನಿಯೂ ಸೇರಿದರೆ ಒಳ್ಳೆಯದು. ಹಿಂದೆ ದೊಡ್ಡದು ಮುಂದೆ ಚಿಕ್ಕದು ಇಟ್ಟುಕೊಂಡು 4ಎಚ್ ಹಾಕಿದರೆ ನೇರ ದಾರಿಯಲ್ಲೇ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತದೆ.

ಗಾಳಿ, ಸರಪಳಿ, ಮೂಟೆ

ಹೊಸ ಟೈರ್ ಹಾಕಿಸಿ 35 ಪಿಎಸ್ಐ ತುಂಬಿಕೊಂಡು ಕೆಸರಿಗೆ ನುಗ್ಗುವವರು ಕೊಟ್ಟ ದುಡ್ಡಿನ ಅರ್ಧವನ್ನು ಬಳಸುತ್ತಲೇ ಇಲ್ಲ. ಖಾಲಿ ಗಾಡಿಗೆ ಕೆಸರಿನಲ್ಲಿ 20-22 ಪಿಎಸ್ಐ ಸಾಕು. ಹಿಂದೆ 500 ಕೆಜಿ ಇದ್ದರೆ ಹಿಂದಿನ ಟೈರನ್ನು 28ಕ್ಕಿಂತ ಕೆಳಗೆ ಇಳಿಸಬೇಡಿ. ಯಾವುದೇ ಟೈರ್ 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ರಿಮ್ ಬಿಟ್ಟು ಬರಬಹುದು. ಗಾಳಿ ಇಳಿಸಿದ ಮೇಲೆ 30 ಕಿ.ಮೀ. ವೇಗ ದಾಟಿಸಬೇಡಿ, ಡಾಂಬರು ಹತ್ತುವ ಮುಂಚೆ ಮತ್ತೆ ತುಂಬಿ.

ತುಂಬಲು ಕಂಪ್ರೆಸರ್ ಬೇಕು. ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚುವ ಸಣ್ಣದು ಈ ಗಾತ್ರದ ಟೈರಿಗೆ ಏದುಸಿರು ಬಿಡುತ್ತದೆ. ಆ ಸಾಕೆಟ್‌ನ ಫ್ಯೂಸ್ ಸಾಮಾನ್ಯವಾಗಿ 15 ಆಂಪಿಯರ್ ತಡೆಯುತ್ತದೆ, ಎರಡನೇ ಟೈರಿಗೆ ಬರುವಷ್ಟರಲ್ಲಿ ಅದು ಸುಟ್ಟಿರಬಹುದು. ಬ್ಯಾಟರಿಗೇ ಕ್ಲಿಪ್ ಹಾಕುವ ಎರಡು ಸಿಲಿಂಡರಿನದನ್ನು ಕೊಳ್ಳಿ, ಐದಾರು ಸಾವಿರದೊಳಗೆ ಸಿಗುತ್ತದೆ. ಎಂಜಿನ್ ಚಾಲೂ ಇಟ್ಟೇ ತುಂಬಿ.

ಇನ್ನು ಸರಪಳಿ. ಮಲೆನಾಡಿನ ಹಳೇ ಜೀಪುಗಳು ಮಳೆಗಾಲ ಪೂರ್ತಿ ಓಡಿದ್ದು ಇದರ ಬಲದಲ್ಲೇ. ಬರೀ ಟೂ ವೀಲ್ ಡ್ರೈವ್ ಪಿಕಪ್ ಇರುವವರಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಪರಿಣಾಮದ ವಸ್ತು ಇನ್ನೊಂದಿಲ್ಲ. ಒಂದೇ ಜೋಡಿ ಇದ್ದರೆ ಹಿಂದಿನ ಚಕ್ರಕ್ಕೆ ಹಾಕಿ; ಮುಂದೆ ಹಾಕಿದರೆ ಸ್ಟೀರಿಂಗ್ ತಿರುಗಿಸಿದಾಗ ಬ್ರೇಕ್ ಹೋಸ್‌ಗೆ ಹೊಡೆಯುವ ಅಪಾಯವಿದೆ. ಒಳಬದಿಯಲ್ಲಿ ಟೈರಿಗೂ ಪಾಟಾಕ್ಕೂ, ಅಂದರೆ ಲೀಫ್ ಸ್ಪ್ರಿಂಗಿಗೂ, ನಡುವೆ ಎರಡು ಬೆರಳು ಆಡುವಷ್ಟು ಜಾಗ ಇದೆಯೇ ನೋಡಿಕೊಳ್ಳಿ. ಟೈರಿನ ಮೇಲೆ ಹರಡಿ, ಮೊದಲು ಒಳಗಿನ ಕೊಕ್ಕೆ, ಆಮೇಲೆ ಹೊರಗಿನದು. ನೂರು ಮೀಟರ್ ಓಡಿಸಿ ನಿಲ್ಲಿಸಿ ಮತ್ತೆ ಬಿಗಿಯಿರಿ, ಏಕೆಂದರೆ ಮೊದಲ ಸುತ್ತುಗಳಲ್ಲಿ ಅದು ಸಡಿಲವಾಗಿಯೇ ತೀರುತ್ತದೆ. ಸರಪಳಿ ಹಾಕಿದಾಗ ಗಾಳಿ ಇಳಿಸಬೇಡಿ, ವೇಗ 20 ದಾಟಬೇಡಿ. ಕಡಿದಾದ ಇಳಿಜಾರಿನಲ್ಲಿ ಹಿಂದೆ ಹಿಡಿತ ಇದ್ದು ಮುಂದೆ ಇರುವುದಿಲ್ಲ ಎನ್ನುವುದು ನೆನಪಿರಲಿ: 4ಎಲ್, ಒಂದನೇ ಗೇರ್, ಬ್ರೇಕಿನಿಂದ ಕಾಲು ದೂರ.

ಖಾಲಿ ಪಿಕಪ್‌ನ ತೂಕವೆಲ್ಲ ಮುಂದೆ. ಎರಡು-ಮೂರು ಗೊಬ್ಬರದ ಮೂಟೆ ಹಿಂದಿನ ಆಕ್ಸಲ್‌ನ ನೇರಕ್ಕೆ ಇಟ್ಟು ಕಟ್ಟಿದರೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ. ಡಾಲಾದ, ಅಂದರೆ ಹಿಂದಿನ ಸರಕಿನ ತೊಟ್ಟಿಯ, ತುದಿಯಲ್ಲಿಟ್ಟರೆ ಮುಂಭಾಗ ಎದ್ದು ಸ್ಟೀರಿಂಗ್ ತೇಲುತ್ತದೆ.

ಸಿಕ್ಕಿಕೊಂಡಾಗ ಎಳೆಯುವ ಸಾಮಾನು

ಇಲ್ಲಿ ಜಿಪುಣತನ ಮಾಡಿದರೆ ಜೀವಕ್ಕೇ ಬರುತ್ತದೆ. ಗಾಡಿಯ ಮುಂದೆ ಅಡಿಯಲ್ಲಿರುವ ಸಣ್ಣ ಉಂಗುರ ಲಾರಿಯಲ್ಲಿ ಸಾಗಿಸುವಾಗ ಕಟ್ಟಲು ಇಟ್ಟಿದ್ದು. ಜಗ್ಗಿ ಎಳೆದರೆ ಕಿತ್ತು ಗುಂಡಿನಂತೆ ಹಾರುತ್ತದೆ. ಟ್ರೇಲರ್ ಸಿಕ್ಕಿಸುವ ಗುಂಡಿಗೆ, ಅಂದರೆ ಟೋ ಬಾಲ್‌ಗೆ, ಹಗ್ಗ ಕಟ್ಟಿ ಎಳೆಯುವಾಗ ಅದು ಮುರಿದು ಹಾರಿ ಜನ ಸತ್ತಿದ್ದಾರೆ. ಛಾಸಿಗೆ ಬೋಲ್ಟ್ ಆಗುವ, ಭಾರದ ಅಂಕೆ ಕೆತ್ತಿದ ರಿಕವರಿ ಪಾಯಿಂಟ್ ಮುಂದೆ ಒಂದು, ಹಿಂದೆ ಒಂದು ಹಾಕಿಸಿ. ಮೂರು ಟನ್ ಒಳಗಿನ ಗಾಡಿಗೆ 8 ಟನ್‌ನ, 9 ಮೀಟರ್ ಉದ್ದದ ಹಿಗ್ಗುವ ಪಟ್ಟಿ ಮತ್ತು 4.75 ಟನ್ ಎಂದು ಕೆತ್ತಿರುವ ಎರಡು ಬೋ ಶ್ಯಾಕಲ್ (ಪಿನ್ ಇರುವ ಬಿಲ್ಲಿನಾಕಾರದ ಉಕ್ಕಿನ ಕೊಂಡಿ) ಸಾಕು. ಶ್ಯಾಕಲ್ ಪಿನ್ ಪೂರ್ತಿ ತಿರುಗಿಸಿ ಕಾಲು ಸುತ್ತು ಹಿಂದಕ್ಕೆ ಬಿಡಿ, ಇಲ್ಲದಿದ್ದರೆ ಎಳೆದ ಮೇಲೆ ಕಚ್ಚಿಕೊಳ್ಳುತ್ತದೆ. ಪಟ್ಟಿಯ ನಡುವೆ ಒದ್ದೆ ಗೋಣಿಚೀಲ ಹಾಕಿ, ನೋಡುವವರನ್ನು ಪಟ್ಟಿಯ ಉದ್ದಕ್ಕಿಂತ ದೂರ ನಿಲ್ಲಿಸಿ.

ಎಲೆಕ್ಟ್ರಿಕ್ ವಿಂಚ್‌ಗೆ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಸಾಮರ್ಥ್ಯ ಬೇಕು. ಮೂರು ಟನ್‌ಗೆ 4,500 ಕೆಜಿ, ಅಂದರೆ 10,000 ಪೌಂಡಿನದು. ಅದಕ್ಕೆ ಹೊಂದುವ ಮೌಂಟ್, ದಪ್ಪ ವೈರ್, ಒಳ್ಳೆ ಬ್ಯಾಟರಿ ಸೇರಿ ಬಜೆಟ್ ಅಲ್ಲಿಗೇ ಮುಗಿಯಿತು. ತೋಟದ ಕೆಲಸಕ್ಕೆ 1.6 ಟನ್‌ನ ಕೈಯಿಂದ ಎಳೆಯುವ ಟಿರ್ಫರ್ ಸಾಕು. ನಿಧಾನ, ಬೆವರು ಇಳಿಸುತ್ತದೆ, ಆದರೆ ಹಿಂದಕ್ಕೂ ಎಳೆಯುತ್ತದೆ, ಮುಂದಕ್ಕೂ ಎಳೆಯುತ್ತದೆ, ಮಳೆಗಾಲ ಮುಗಿದ ಮೇಲೆ ಮರದ ದಿಮ್ಮಿಗೂ ಆಗುತ್ತದೆ. ಮೊದಲು ಗುದ್ದಲಿ ಹಿಡಿದು ಚಕ್ರದ ಮುಂದಿನ ಕೆಸರು ತೆಗೆಯಿರಿ, ಭಾರ ಅರ್ಧವಾಗುತ್ತದೆ. ಕೇಬಲ್ ಅನ್ನು ನೇರ ಮರಕ್ಕೆ ಸುತ್ತಬೇಡಿ, ಅಗಲ ಪಟ್ಟಿ ಹಾಕಿ. ಸಿಲ್ವರ್ ಓಕಿಗೆ ಮೆಣಸಿನ ಬಳ್ಳಿ ಹಬ್ಬಿದ್ದರೆ ಬೇರೆ ಮರ ನೋಡಿ. ಕಾಂಡ ಜಜ್ಜಿದರೆ ಬಳ್ಳಿ ಹೋದಂತೆಯೇ.

ಅಡಿಭಾಗ

ಸಾವಿರ ರೂಪಾಯಿಯೊಳಗೆ ಮುಗಿಯುವ, ಯಾರೂ ಮಾಡಿಸದ ಕೆಲಸವೆಂದರೆ ಆಕ್ಸಲ್ ಬ್ರೀದರ್, ಅಂದರೆ ಆಕ್ಸಲ್ ಒಳಗೆ ಗಾಳಿ ಆಡುವ ಸಣ್ಣ ಬಾಯಿಯದು. ಓಡಿ ಬಿಸಿಯಾದ ಡಿಫರೆನ್ಷಿಯಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್‌ನಿಂದಲೋ ಸೀಲ್‌ನಿಂದಲೋ ನೀರು ಹೀರಿಕೊಳ್ಳುತ್ತದೆ. ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದರೆ ಬೇರಿಂಗ್ ಮುಗಿಯುತ್ತಾ ಬಂತು. ಬ್ರೀದರ್ ಬಾಯಿಗೆ 8 ಮಿ.ಮೀ. ಡೀಸೆಲ್ ಹೋಸ್ ಎರಡು ಮೀಟರ್ ಕ್ಲ್ಯಾಂಪ್ ಮಾಡಿ, ಆಕ್ಸಲ್ ಕೆಳಗಿಳಿದಾಗ ಎಳೆಯದಷ್ಟು ಸಡಿಲ ಬಿಟ್ಟು, ಹಿಂದಿನ ದೀಪದ ಎತ್ತರಕ್ಕೆ ಒಯ್ಯಿರಿ. ತುದಿಗೆ ಸಣ್ಣ ಫ್ಯೂಯಲ್ ಫಿಲ್ಟರ್ ಸಿಕ್ಕಿಸಿ. ಇದಿಲ್ಲದೆ ಬರೀ ಸ್ನಾರ್ಕಲ್ (ಎಂಜಿನ್ ಗಾಳಿ ಎಳೆಯುವ ಬಾಯಿಯನ್ನು ಮೇಲಕ್ಕೊಯ್ಯುವ ಕೊಳವೆ) ಹಾಕಿಸಿದರೆ ಎಂಜಿನ್ ಉಳಿದು ಆಕ್ಸಲ್ ಹೋಗುತ್ತದೆ.

ಎಂಜಿನ್ ಎಣ್ಣೆಯ ತೊಟ್ಟಿಗೆ (ಸಂಪ್) ಕಲ್ಲು ತಾಗದಂತೆ ಕಾಯುವ ಸಂಪ್ ಗಾರ್ಡ್ ಅನ್ನು ಊರಿನ ವೆಲ್ಡಿಂಗ್ ಶಾಪಿನಲ್ಲೇ 3 ಮಿ.ಮೀ. ಉಕ್ಕಿನ ತಗಡಲ್ಲಿ ಮಾಡಿಸಬಹುದು. ಒಂದು ಚದರ ಮೀಟರಿಗೆ ಸುಮಾರು 23.5 ಕೆಜಿ ತೂಗುತ್ತದೆ, ಹಾಗಾಗಿ ಬೇಕಾದಷ್ಟೇ ಮುಚ್ಚಿ. ಸಂಪ್‌ಗೂ ತಗಡಿಗೂ 25 ಮಿ.ಮೀ. ಅಂತರ ಇರಲಿ. ಆಯಿಲ್ ಡ್ರೇನ್ ಬೋಲ್ಟಿನ ನೇರಕ್ಕೆ ದೊಡ್ಡ ತೂತು ಬಿಡಿಸಿ, ಇಲ್ಲದಿದ್ದರೆ ಪ್ರತಿ ಸರ್ವಿಸ್‌ಗೂ ಗಾರ್ಡ್ ಬಿಚ್ಚುವ ಕೂಲಿ ತೆರಬೇಕು. ಕ್ರಾಸ್ ಮೆಂಬರ್‌ನಲ್ಲಿ ಈಗಾಗಲೇ ಇರುವ ತೂತುಗಳಿಗೆ 8.8 ದರ್ಜೆಯ ಬೋಲ್ಟ್ ಹಾಕಿಸಿ. ಛಾಸಿಗೆ ವೆಲ್ಡಿಂಗ್ ಬೇಡವೇ ಬೇಡ.

ಲಿಫ್ಟ್, ಬಂಪರ್, ಲೈಟು

ಲಿಫ್ಟ್ ಕಿಟ್ ಬಾಡಿಯನ್ನು ಎತ್ತುತ್ತದೆ, ಹಿಂದಿನ ಡಿಫರೆನ್ಷಿಯಲ್ ಗುಂಡನ್ನಲ್ಲ. ಅದನ್ನು ಎತ್ತುವುದು ಟೈರ್ ಮಾತ್ರ. ಮುಂದೆ ಸ್ಪೇಸರ್ ಇಟ್ಟು 50 ಮಿ.ಮೀ. ದಾಟಿಸಿದರೆ ಆಕ್ಸಲ್ ಶಾಫ್ಟಿನ ಕೋನ ಹೆಚ್ಚಿ ಅದರ ಕೀಲನ್ನು ಮುಚ್ಚಿರುವ ರಬ್ಬರ್ ಚೀಲ, ಅಂದರೆ ಸಿವಿ ಬೂಟ್, ಹರಿಯುತ್ತದೆ, ಬಾಲ್ ಜಾಯಿಂಟ್ ಬೇಗ ಸವೆಯುತ್ತದೆ, ಅಲೈನ್‌ಮೆಂಟ್ ಸರಿಹೊಂದುವುದೇ ಇಲ್ಲ. ಹಿಂದೆ ಒಂದು ಪಾಟಾ ಹೆಚ್ಚಿಗೆ ಸೇರಿಸುವುದು ದಿನವೂ ಲೋಡ್ ಹೊರುವ ಗಾಡಿಗೆ ಸರಿ. ಖಾಲಿ ಓಡುವ ಗಾಡಿಗೆ ಸೇರಿಸಿದರೆ ಚಕ್ರ ನೆಲ ಬಿಟ್ಟು ಕುಣಿಯುತ್ತದೆ, ಇದ್ದ ಹಿಡಿತವೂ ಹೋಗುತ್ತದೆ. ಶಾಕ್ ಅಬ್ಸಾರ್ಬರ್ ಸೋರುತ್ತಿದ್ದರೆ ಆ ದುಡ್ಡು ಅಲ್ಲಿಗೆ ಹೋಗಲಿ.

ಕಬ್ಬಿಣದ ಬುಲ್ ಬಾರ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಅದು ಡಿಕ್ಕಿಯ ಹೊಡೆತವನ್ನು ನೇರ ಛಾಸಿಗೆ ದಾಟಿಸುತ್ತದೆ, ಏರ್‌ಬ್ಯಾಗ್ ಬಿಚ್ಚುವ ಸಮಯವನ್ನೂ ಕೆಡಿಸಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು ಅಥವಾ ಎರಡೂ ಆಗಬಹುದು. ಹಳದಿ ಬೋರ್ಡಿನ ಗಾಡಿಯಾದರೆ ಎಫ್‌ಸಿ (ಫಿಟ್ನೆಸ್ ಪರೀಕ್ಷೆ) ದಿನವೇ ಸಿಕ್ಕಿಬೀಳುತ್ತದೆ. ಲೈಟ್ ಬಾರ್ ಮಂಜಿನಲ್ಲಿ ಬಿಳಿ ಗೋಡೆ ಎಬ್ಬಿಸುವುದು ಬಿಟ್ಟು ಬೇರೇನೂ ಮಾಡುವುದಿಲ್ಲ.

ಕೈಯಲ್ಲಿ 15 ಸಾವಿರ ಇದ್ದರೆ: ಸರಪಳಿ, ಬ್ರೀದರ್ ಹೋಸ್, ಗೇಜ್ ಸಹಿತ ಕಂಪ್ರೆಸರ್. ಮುಂದಿನ ಕಂತಿನಲ್ಲಿ ರಿಕವರಿ ಪಾಯಿಂಟ್, ಪಟ್ಟಿ, ಶ್ಯಾಕಲ್. ಹಳೇ ಟೈರ್ ಸವೆದ ಹೊತ್ತಿಗೆ ಎ/ಟಿ, ಅದರ ಬೆನ್ನಿಗೆ ಸಂಪ್ ಗಾರ್ಡ್. ಹಾಕಿಸಿದ ಪ್ರತಿ ಬೋಲ್ಟನ್ನೂ ಮೊದಲ 200 ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಬಿಗಿಸಿ, ಗಾರ್ಡಿನ ಒಳಗೆ ಕೂತ ಕೆಸರನ್ನು ಒಣಗುವ ಮುಂಚೆ ಪೈಪಿನಲ್ಲಿ ತೊಳೆದು ತೆಗೆಯಿರಿ. ಒದ್ದೆ ಮಣ್ಣು ಅಲ್ಲೇ ಉಳಿದರೆ ತಗಡಿನ ಜೊತೆಗೆ ಕ್ರಾಸ್ ಮೆಂಬರ್ ಕೂಡ ತುಕ್ಕು ಹಿಡಿಯುತ್ತದೆ.