ಖಣಕ್ಕೆ ಮೊದಲು ಹೊಲಿಗೆ, ಆಮೇಲೆ ಕತ್ತರಿ

ಗುಳೇದಗುಡ್ಡದಲ್ಲಿ ನೇಯುವ ರವಿಕೆ ಬಟ್ಟೆ ಖಣ. ಅದನ್ನು ಮಾಮೂಲಿ ಬ್ಲೌಸ್ ಪೀಸಿನಂತೆ ಹಾಸಿ ಕತ್ತರಿಸಿದರೆ ಕೆಡುವುದೇ ಹೆಚ್ಚು. ಅದರ ಪನ್ನ (ಅಗಲ) ಕಿರಿದು, ಎರಡೂ ಬದಿಗೆ ಅಂಚು ಇರುತ್ತದೆ, ಮೇಲಾಗಿ ಹೂವು ಮೂಡುವುದು ಉದ್ದಕ್ಕೆ ಸಾಗುವ ಹೆಚ್ಚುವರಿ ಹಾಸು ಎಳೆಗಳಿಂದ. ಬಟ್ಟೆಯನ್ನು ತಿರುಗಿಸಿ ನೋಡಿ, ಹೂವಿನಿಂದ ಹೂವಿಗೆ ಆ ಎಳೆಗಳು ಹಿಂಬದಿಯಲ್ಲಿ ಸಡಿಲವಾಗಿ ಹಾದುಹೋಗಿರುತ್ತವೆ. ಕತ್ತರಿ ಬಿದ್ದ ಕಡೆ ಅವುಗಳ ಹಿಡಿತ ತಪ್ಪುತ್ತದೆ. ಕೈಯಲ್ಲಿ ಎರಡು ಸಲ ಎತ್ತಿಟ್ಟರೆ ಸಾಕು, ತುದಿಯಿಂದ ಕಾಲು ಇಂಚು ಎಳೆ ಬಿಚ್ಚಿಕೊಂಡಿರುತ್ತದೆ. ಅಷ್ಟಕ್ಕೆ ಕಂಕುಳ ಸುತ್ತಳತೆಯೂ ಬದಲಾಗುತ್ತದೆ. ಆದ್ದರಿಂದ ಖಣದಲ್ಲಿ ನಾನು ಮೊದಲು ಕತ್ತರಿಸುವುದು ಲೈನಿಂಗನ್ನು. ಅದನ್ನು ಖಣದ ಮೇಲಿಟ್ಟು ಸುತ್ತ ಹೊಲಿದ ಮೇಲೆಯೇ ಖಣಕ್ಕೆ ಕತ್ತರಿ.

ಮುಂಬೈಯಲ್ಲಿ ಖಣಕ್ಕೆ ದಾದರ್, ಪುಣೆಯಲ್ಲಿ ಲಕ್ಷ್ಮೀ ರಸ್ತೆ. ಗೌರಿ ಗಣಪತಿಯಿಂದ ನವರಾತ್ರಿಯವರೆಗೆ ಅಂಗಡಿ ತುಂಬ ಖಣವೇ ಇರುತ್ತದೆ, ಆದರೆ ಅದರಲ್ಲಿ ಪವರ್‌ಲೂಮಿನ ಪಾಲಿಯೆಸ್ಟರ್ ಬಹಳ. ತುದಿಯಿಂದ ಹಾಸಿನದೊಂದು, ಅಡ್ಡ ಹೊಕ್ಕಿನದೊಂದು ಎಳೆ ತೆಗೆದು ಬೇರೆ ಬೇರೆಯಾಗಿ ಸುಟ್ಟು ನೋಡಿ. ರೇಷ್ಮೆ ಸುಟ್ಟ ಕೂದಲಿನ ವಾಸನೆ ಕೊಡುತ್ತದೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಪಾಲಿಯೆಸ್ಟರ್ ಆದರೆ ಇಸ್ತ್ರಿ ಹದ ಇಳಿಸಬೇಕು, ಮುಂಬೈ ಸೆಕೆಗೆ ಲೈನಿಂಗ್ ಕಡ್ಡಾಯವಾಗಿ ಹತ್ತಿಯದೇ ಇರಬೇಕು. ಲೈನಿಂಗಿಗೆ ಮುಂಬೈಯ ಮಂಗಲದಾಸ್ ಮಾರ್ಕೆಟ್ ಒಳ್ಳೆಯದು. ಇಲ್ಲಿ ಅಸ್ತರ್ ಎಂದು ಕೇಳಿದರೆ ತಕ್ಷಣ ತೆಗೆದುಕೊಡುತ್ತಾರೆ. ಹುಕ್ಕು, ಲೇಸು, ಗುಂಡಿ ಇವಕ್ಕೆ ಭುಲೇಶ್ವರ.

ಲೈನಿಂಗನ್ನು ಎರಡು ಗಂಟೆ ನೀರಲ್ಲಿ ನೆನೆಸಿ, ಹಿಂಡದೆ ಒಣಗಿಸಿ, ಇಸ್ತ್ರಿ ಮಾಡಿಯೇ ಗೆರೆ ಎಳೆಯಿರಿ. ಇದನ್ನು ಬಿಟ್ಟರೆ ಮೊದಲ ಒಗೆತಕ್ಕೆ 15 ಇಂಚಿನ ಉದ್ದದಲ್ಲಿ ಅರ್ಧ ಇಂಚಾದರೂ ಕುಗ್ಗಿ, ಮೇಲಿನ ಖಣ ಟಕ್ಸಿನ (ಎದೆಯ ಆಕಾರಕ್ಕೆ ಹಾಕುವ ಮಡಿಕೆ ಹೊಲಿಗೆ) ಬಳಿ ಉಬ್ಬಿ ನಿಲ್ಲುತ್ತದೆ. ಅದನ್ನು ಆಮೇಲೆ ಸರಿಪಡಿಸಲು ದಾರಿಯಿಲ್ಲ. ಖಣವನ್ನು ಮಾತ್ರ ನೆನೆಸಬೇಡಿ. ಒದ್ದೆ ಬಿಳಿ ಬಟ್ಟೆಯನ್ನು ಒಂದು ಮೂಲೆಗೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿ, ಹಿಂಬದಿಯಿಂದ ಹಬೆಯ ಇಸ್ತ್ರಿ ಆಡಿಸಿದರೆ ಸಾಕು.

ಈಗ ಬಟ್ಟೆಯ ಲೆಕ್ಕ. ಎದೆ ಸುತ್ತಳತೆ 36, ಬ್ಲೌಸಿನ ಉದ್ದ 14½, ತೋಳು 9½ ಇಂಚು, ಖಣದ ಪನ್ನ 30 ಇಂಚು ಎಂದುಕೊಳ್ಳಿ. ಪನ್ನ ತುಂಡಿನಿಂದ ತುಂಡಿಗೆ ಬೇರೆ ಇರುತ್ತದೆ, ಅಂಗಡಿಯಲ್ಲೇ ಟೇಪು ಹಿಡಿದು ನೋಡಿ. ಎದೆಯ ಕಾಲು ಭಾಗ 9, ಸಡಿಲಕ್ಕೆ ಅರ್ಧ, ಪಕ್ಕದ ಮಾರ್ಜಿನ್ (ಹೊಲಿಗೆಗೆ ಬಿಡುವ ಬಟ್ಟೆ) 1½, ಒಟ್ಟು 11. ಹಾಗಾಗಿ ಹಿಂಭಾಗ ಬಿಡಿಸಿದಾಗ 22 ಇಂಚು ಅಗಲ. ಮುಂಭಾಗದ ಪ್ರತಿ ತುಂಡಿಗೆ ಹುಕ್ಕಿನ ಕಡೆ ಇನ್ನೊಂದು ಇಂಚು ಸೇರಿ 12, ಎರಡಕ್ಕೂ 24. ಉದ್ದದಲ್ಲಿ ಭುಜಕ್ಕೆ ಅರ್ಧ, ಕೆಳಗಿನ ಮಡಿಕೆಗೆ ಒಂದು ಸೇರಿ ಹಿಂಭಾಗ 16 ಇಂಚು. ಎದೆಯ ಏರಿಗಾಗಿ ಮುಂಭಾಗ 17.

ತೋಳನ್ನು ಮಾತ್ರ ಅಡ್ಡಕ್ಕೆ ಇಡಬೇಕು. ಖಣದ ಅಂಚು ತೋಳಿನ ತುದಿಗೆ ಬರಬೇಕಾದರೆ ಬೇರೆ ದಾರಿಯಿಲ್ಲ. ಒಂದು ತೋಳಿನ ತುದಿ ಎಡ ಅಂಚಿಗೆ, ಇನ್ನೊಂದರದು ಬಲ ಅಂಚಿಗೆ, ಎರಡರ ಭುಜದ ಕಡೆಗಳು ಎದುರುಬದುರು. ಮಾರ್ಜಿನ್ ಸೇರಿ ಪ್ರತಿ ತೋಳು 10 ಇಂಚು ಉದ್ದ, 16 ಇಂಚು ಅಗಲ. ಹೀಗೆ 16 ಇಂಚು ಬಟ್ಟೆಯಲ್ಲಿ ಎರಡೂ ತೋಳು ಬಂದು ನಡುವೆ 10 ಇಂಚಿನ ಪಟ್ಟಿ ಉಳಿಯುತ್ತದೆ. ಅದು ಪೈಪಿಂಗಿಗೆ (ತುದಿಯಲ್ಲಿ ಹೊರಗೆ ಕಾಣುವ ಸಣ್ಣ ಪಟ್ಟಿ), ಹುಕ್ಕಿನ ಪಟ್ಟಿಗೆ. 16, 16, 17 ಕೂಡಿದರೆ 49 ಇಂಚು, ಅಂದರೆ ಲೆಕ್ಕಕ್ಕೆ ಸರಿಯಾಗಿ ಒಂದೂಕಾಲು ಮೀಟರ್. ಒಂದೂವರೆ ಮೀಟರ್ ಕೊಳ್ಳಿ, ಹೂವು ಹೊಂದಿಸಲು ಜಾಗ ಸಿಗುತ್ತದೆ.

ಅಡ್ಡಕ್ಕೆ ಇಟ್ಟ ತೋಳಿನಲ್ಲಿ ಹೂವೂ ಅಡ್ಡ ಮಲಗುತ್ತದೆ. ಆನೆ ಹೆಜ್ಜೆಯಂಥ ಸಣ್ಣ ಬುಟ್ಟಾಗಳಲ್ಲಿ ಅದು ಕಾಣುವುದಿಲ್ಲ. ತೇರಿನಂತೆ ತಲೆ ಬುಡ ಇರುವ ನಮೂನೆಯಲ್ಲಿ ಎದ್ದು ಕಾಣುತ್ತದೆ. ಆಗ ಮುಖದ ಬದಿ ಮೇಲಾಗಿ, ಹೂವು ನೆಟ್ಟಗೆ ನಿಲ್ಲುವಂತೆ ಖಣ ಹಾಸಿ, ಎಡ ಅಂಚಿನಿಂದ ಬಂದ ತೋಳನ್ನು ಎಡಗೈಗೆ, ಬಲ ಅಂಚಿನದನ್ನು ಬಲಗೈಗೆ ಗುರುತು ಮಾಡಿ. ಎರಡೂ ತೋಳಿನ ಹೂವು ಮುಂದಕ್ಕೆ ಮುಖ ಮಾಡುತ್ತವೆ. ಅದಲು ಬದಲಾದರೆ ಎರಡೂ ಬೆನ್ನ ಕಡೆ ತಿರುಗುತ್ತವೆ. ಕಂಕುಳ ಮುಂದಿನ ಅರ್ಧ ಇಂಚಿನ ಹೆಚ್ಚುವರಿ ಕೊರೆತವನ್ನೂ ಈ ಗುರುತು ನೋಡಿಯೇ ಹಾಕಿ. ಸೊಂಟದ ಸುತ್ತಲೂ ಅಂಚು ಬೇಕೆನ್ನುವವರು ಹಿಂಭಾಗ ಮುಂಭಾಗಗಳನ್ನೂ ಅಡ್ಡಕ್ಕೆ ಇಡಬೇಕಾಗುತ್ತದೆ. ಆಗ 16, 22, 24 ಕೂಡಿ 62 ಇಂಚು ಹಿಡಿಯುತ್ತದೆ, 1.75 ಮೀಟರ್ ಬೇಕು, ಮೈಮೇಲಿನ ಹೂವೂ ಮಲಗುತ್ತದೆ. ತೇರಿನ ಖಣದಲ್ಲಿ ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ಉಡಿ ತುಂಬಿದ ಖಣಗಳು ಎಲ್ಲರ ಮನೆಯಲ್ಲೂ ಕಪಾಟಿನಲ್ಲಿ ಕೂತಿರುತ್ತವೆ. ಮುಕ್ಕಾಲು ಮೀಟರಿನ ಆ ತುಂಡಿನಲ್ಲಿ ದೊಡ್ಡವರ ಪೂರ್ತಿ ಬ್ಲೌಸ್ ಆಗದು. ತೋಳಿಗೆ 16 ಇಂಚು ಹೋದರೆ ಉಳಿಯುವುದು 13 ಚಿಲ್ಲರೆ, ಹಿಂಭಾಗಕ್ಕೆ ಸಾಲದು. ಅದರಲ್ಲಿ ತೋಳು ಮತ್ತು ಕುತ್ತಿಗೆಯ ಪೈಪಿಂಗ್ ಮಾಡಿ, ಮೈಗೆ ಅದೇ ಬಣ್ಣದ ಗಟ್ಟಿ ಹತ್ತಿ ಬಟ್ಟೆ ಹಾಕಿದರೆ ಇಳಕಲ್ ಸೀರೆಗೆ ಚೆನ್ನಾಗಿ ಹೊಂದುತ್ತದೆ.

ಕತ್ತರಿಸಿದ ಲೈನಿಂಗನ್ನು ಖಣದ ಹಿಂಬದಿಗೆ ಇಟ್ಟು, ನಡುವಿನಿಂದ ಹೊರಕ್ಕೆ ಕೈಯಾಡಿಸಿ ಸುಕ್ಕು ತೆಗೆಯಿರಿ. ಗುಂಡುಸೂಜಿ ಮಾರ್ಜಿನ್ನಿನೊಳಗೆ ಮಾತ್ರ. ತುಕ್ಕು ಹಿಡಿಯದ ಸೂಜಿಯೇ ಆಗಬೇಕು, ಮುಂಬೈ ಮಳೆಗಾಲದ ತೇವಕ್ಕೆ ಒಂದೇ ರಾತ್ರಿಯಲ್ಲಿ ಬಟ್ಟೆಗೆ ಕಂದು ಚುಕ್ಕೆ ಬೀಳುತ್ತದೆ. ಲೈನಿಂಗಿನ ತುದಿಯಿಂದ ಕಾಲು ಇಂಚು ಒಳಗೆ ಸುತ್ತಲೂ ಒಂದು ಹೊಲಿಗೆ, ಉದ್ದ 3 ಮಿ.ಮೀ. ಆಮೇಲೆ ಲೈನಿಂಗಿನ ತುದಿಯ ಗುಂಟ ಖಣ ಕತ್ತರಿಸಿ. ಈಗ ಎಳೆ ಬಿಚ್ಚಿದರೂ ಆ ಹೊಲಿಗೆಯವರೆಗೆ ಬಂದು ನಿಲ್ಲುತ್ತದೆ. ಜಿಗ್‌ಜಾಗ್ ಇರುವ ಮೆಷಿನ್ನಾದರೆ ತುದಿಗೆ ಅದನ್ನು ಓಡಿಸಿ. ಕಪ್ಪು ನೇರ ಹೊಲಿಗೆಯ ಮೆಷಿನ್ನಾದರೆ ಎಲ್ಲ ತುಂಡುಗಳನ್ನೂ ಒಟ್ಟಿಗೆ ಅಂಗಡಿಗೆ ಒಯ್ದು ಇಂಟರ್‌ಲಾಕ್ (ತುದಿ ಸುತ್ತುವ ಹೊಲಿಗೆ) ಮಾಡಿಸಿಕೊಂಡು ಬನ್ನಿ. ಅವರ ಮೆಷಿನ್ನು ತುದಿ ಕತ್ತರಿಸುತ್ತಲೇ ಹೋಗುತ್ತದೆ, ಅಳತೆ ತಿನ್ನಬೇಡಿ ಎಂದು ಮೊದಲೇ ಹೇಳಿ.

ರೇಷ್ಮೆ ಬೆರೆತ ಖಣಕ್ಕೆ 11ನೇ ನಂಬರಿನ ಸೂಜಿ, ದಪ್ಪ ಹತ್ತಿಯದಕ್ಕೆ 14. ಹೊಸ ಸೂಜಿಯನ್ನೇ ಹಾಕಿ, ಮೊಂಡಾದ ಸೂಜಿ ಹೂವಿನ ಎಳೆಯನ್ನು ಎಳೆದು ಅಡ್ಡಗೆರೆ ಮೂಡಿಸುತ್ತದೆ. ಹೊಲಿಗೆಯ ಉದ್ದ 2.5 ಮಿ.ಮೀ. ಅದೇ ಖಣದ ಚೂರಿಗೆ ಲೈನಿಂಗ್ ಸೇರಿಸಿ ಹೊಲಿದು ನೋಡಿ, ಸುಕ್ಕು ಹಿಡಿದರೆ ಮೇಲಿನ ದಾರದ ಬಿಗಿ ಸ್ವಲ್ಪ ಇಳಿಸಿ.

ಟಕ್ಸ್ ಹಾಕುವ ಮುಂಚೆ ಅದರ ನಡುಗೆರೆಯ ಮೇಲೆ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ಎರಡೂ ಪದರ ಹಿಡಿಸಬೇಕು. ಇಲ್ಲದಿದ್ದರೆ ಮಡಚುವಾಗ ಒಳಗಿನ ಲೈನಿಂಗ್ ಜಾರಿ, ಹೊರಗೆ ಟಕ್ಸ್ ಸರಿಯಿದ್ದು ಒಳಗೆ ಗಂಟು ಕಟ್ಟುತ್ತದೆ. ಟಕ್ಸ್ ಎದೆಯ ತುದಿಗೆ ಅರ್ಧದಿಂದ ಮುಕ್ಕಾಲು ಇಂಚು ಮೊದಲೇ ಮುಗಿಯಬೇಕು. ಕೊನೆಯ ಮೂರು ನಾಲ್ಕು ಹೊಲಿಗೆ ಮಡಿಕೆಯ ತುದಿಯ ಮೇಲೆಯೇ ಸಾಗಿ ಹೊರಬೀಳಲಿ. ಅಲ್ಲಿ ರಿವರ್ಸ್ ಹೊಲಿಯಬೇಡಿ, ದಾರ ಎರಡು ಇಂಚು ಬಿಟ್ಟು ಕೈಯಲ್ಲೇ ಗಂಟು ಹಾಕಿ.

ಕುತ್ತಿಗೆಯ ಒಳಪಟ್ಟಿಯನ್ನು ಖಣದಲ್ಲಿ ಮಾಡಬೇಡಿ. ಅದು ಚರ್ಮಕ್ಕೆ ಚುಚ್ಚುತ್ತದೆ. ಲೈನಿಂಗ್ ಬಟ್ಟೆಯಲ್ಲೇ 1¼ ಇಂಚು ಅಗಲದ ಕ್ರಾಸ್ (ಓರೆ) ಪಟ್ಟಿ ಕತ್ತರಿಸಿ, ತಿರುವಿನಲ್ಲಿ ಪಟ್ಟಿಯನ್ನು ಕೊಂಚ ಬಿಗಿ ಹಿಡಿದು ಹೊಲಿಯಿರಿ, ಕುತ್ತಿಗೆ ಬಾಯಿ ಬಿಡುವುದಿಲ್ಲ. ಕಚ್ಚು (ಸಣ್ಣ ಸೀಳು) ಹಾಕುವಾಗ ಹೊಲಿಗೆಗೆ 2 ಮಿ.ಮೀ. ಮೊದಲೇ ಕತ್ತರಿ ನಿಲ್ಲಲಿ. ಖಣದಲ್ಲಿ ಅದಕ್ಕಿಂತ ಹತ್ತಿರ ಹೋದರೆ ಕಚ್ಚು ತಾನಾಗಿ ಬೆಳೆಯುತ್ತದೆ.

ತೋಳಿನ ಮೇಲ್ತಿರುವಿನ ಉದ್ದ ಕಂಕುಳ ಸುತ್ತಿಗಿಂತ ಅರ್ಧ ಇಂಚು ಹೆಚ್ಚಿರಲಿ, ಆ ಹೆಚ್ಚಿನದನ್ನು ಭುಜದ ಆಚೀಚೆ ಕೂರಿಸಿ. ಪಕ್ಕದ ಹೊಲಿಗೆಗೆ ಮುಂಚೆಯೇ ತೋಳು ಜೋಡಿಸಿ. ಆಮೇಲೆ ತೋಳಿನ ಅಂಚಿನ ಕಡೆಯಿಂದ ಶುರುಮಾಡಿ ಕಂಕುಳ ದಾಟಿ ಸೊಂಟದವರೆಗೆ ಒಂದೇ ಹೊಲಿಗೆ. ಕೆಳಗಿನಿಂದ ಬಂದರೆ ಎರಡು ಕಡೆಯ ಅಂಚು ಕೊನೆಯಲ್ಲಿ ಮೇಲೆ ಕೆಳಗಾಗುತ್ತದೆ. ಮಾರ್ಜಿನ್ನಿನಲ್ಲಿ ಅರ್ಧ ಅರ್ಧ ಇಂಚು ಬಿಟ್ಟು ಇನ್ನೂ ಎರಡು ಹೊಲಿಗೆ ಹಾಕಿಡಿ, ಮೈ ತುಂಬಿದಾಗ ಮೈಗೆ ಹತ್ತಿರದ ಹೊಲಿಗೆಯನ್ನು ಬಿಚ್ಚಿದರಾಯಿತು. ಲೋಕಲ್ ರೈಲಿನಲ್ಲಿ ಕೈ ಎತ್ತಿ ನಿಲ್ಲುವವರ ಬ್ಲೌಸ್ ಮೊದಲು ಹರಿಯುವುದು, ಬೆವರಿಗೆ ಬಣ್ಣಗೆಡುವುದು ಎರಡೂ ಕಂಕುಳಲ್ಲೇ. ಅಲ್ಲಿ ಒಳಗಡೆ 4 ಇಂಚಿನ ಹತ್ತಿ ತುಂಡನ್ನು ಕೈಹೊಲಿಗೆಯಿಂದ ಹಿಡಿಸಿ, ಬೇಕಾದಾಗ ಬದಲಿಸಬಹುದು.

ತೋಳಿನ ತುದಿಯಲ್ಲಿ ಖಣದ ಅಂಚು ತಾನೇ ಮುಗಿದ ಅಂಚು, ಮಡಚುವುದು ಬೇಡ. ಲೈನಿಂಗಿನ ತುದಿಯನ್ನಷ್ಟೇ ಒಳಮಡಚಿ ಅಂಚಿನ ಹಿಂಬದಿಗೆ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಜರಿಯ ಮೇಲೆ ಮೆಷಿನ್ನು ಓಡಿಸಿದರೆ ಜರಿ ತುಂಡಾಗುತ್ತದೆ. ಹುಕ್ಕು ಬಲಗಡೆ, ಕಾಜ ಎಡಗಡೆ, ಒಂದೂಮುಕ್ಕಾಲು ಇಂಚಿಗೊಂದು. ಎದೆಯ ನೇರಕ್ಕೆ ಒಂದು ಬರಲೇಬೇಕು, ಮೊದಲು ಅದನ್ನು ಗುರುತು ಮಾಡಿ ಉಳಿದವನ್ನು ಮೇಲೂ ಕೆಳಗೂ ಹಂಚಿ. ಬಣ್ಣ ಬಿಡುವ ಖಣವನ್ನು ತಣ್ಣೀರಿನಲ್ಲಿ ಒಂಟಿಯಾಗಿ ಒಗೆದು, ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಹಾಕಿ. ಜುಲೈ ಆಗಸ್ಟಿನಲ್ಲಿ ಲೈನಿಂಗ್ ಒಳಗೇ ತೇವ ಉಳಿಯುತ್ತದೆ, ಇಸ್ತ್ರಿ ಹಾಕಿ ಪೂರ್ತಿ ಒಣಗಿದ ಮೇಲೆಯೇ ಕಪಾಟಿಗೆ.